ಮರಳಿನ ಅಚ್ಚು, ಬೀಡಿನ ಮನೆತನ

ಬೆಳಗಾವಿಯ ಕಿರ್ಲೋಸ್ಕರ್ ರೋಡಿಗೆ ಇವತ್ತು ಕಬ್ಬಿಣ ಹುಡುಕಿಕೊಂಡು ಯಾರೂ ಬರುವುದಿಲ್ಲ. ಸೀರೆ, ಸಿದ್ಧ ಉಡುಪು, ಚಪ್ಪಲಿ, ಬಳೆ. ಮದುವೆ ಸುಗ್ಗಿಯಲ್ಲಂತೂ ಹೆಗಲಿಗೆ ಹೆಗಲು ತಾಗದೆ ನಡೆಯುವಂತಿಲ್ಲ. ರಸ್ತೆಯ ಹೆಸರು ಯಾರದ್ದು ಎಂದು ಅಂಗಡಿಯ ಹುಡುಗರನ್ನು ಕೇಳಿದರೆ ಪಂಪಿನ ಕಂಪನಿಯದ್ದು ಎಂದಾರು. ತಪ್ಪೇನಿಲ್ಲ. ಆದರೆ ಆ ಮನೆತನ ಈ ಊರಿನಲ್ಲಿ ವ್ಯಾಪಾರ ಹೂಡಿದಾಗ ಪಂಪೂ ಇರಲಿಲ್ಲ, ಕಂಪನಿಯೂ ಇರಲಿಲ್ಲ. ಇದ್ದದ್ದು ಅಣ್ಣತಮ್ಮಂದಿರ ಒಂದು ಸೈಕಲ್ ಅಂಗಡಿ.

ಎರಕದ ಮನೆಯೊಳಗೆ ಒಮ್ಮೆ ನಿಂತು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಮರಳಿನ ಅಚ್ಚು ಒಂದೇ ಸಲಕ್ಕೆ. ಕರಗಿದ ಬೀಡುಕಬ್ಬಿಣ ಹೊಯ್ದು ಆರಿದ ಮೇಲೆ ಅಚ್ಚನ್ನು ಒಡೆದೇ ವಸ್ತುವನ್ನು ಹೊರಗೆ ತೆಗೆಯಬೇಕು. ಮತ್ತೆ ಮತ್ತೆ ಬಳಸಲು ಉಳಿಯುವುದು ಮರದ ಪ್ಯಾಟರ್ನು. ಅದನ್ನು ಬೇರೆ ಊರಿಗೆ ಹೊತ್ತುಕೊಂಡು ಹೋಗಿ ಅಲ್ಲಿನ ಮರಳಿನಲ್ಲಿ ಒತ್ತಿದರೂ ಅದೇ ವಸ್ತು ಮೂಡುತ್ತದೆ. ಕಿರ್ಲೋಸ್ಕರರ ವಂಶದ ಕಥೆ ಓದುವಾಗಲೆಲ್ಲ ನನಗೆ ಇದೇ ಕಣ್ಣಿಗೆ ಕಟ್ಟುತ್ತದೆ. ಬೆಳಗಾವಿ, ಕುಂಡಲ್, ಹರಿಹರ: ಒಂದೊಂದು ಊರೂ ಒಂದೊಂದು ಸಲದ ಮರಳು. ಒಡೆದ ಮರಳಿನ ಲೆಕ್ಕವನ್ನು ಮಾತ್ರ ಯಾರೂ ಬರೆದಿಡುವುದಿಲ್ಲ.

ಅಡ್ಡಹೆಸರು ಕೊಂಕಣದ್ದು, ಅಲ್ಲಿನ ಒಂದು ಹಳ್ಳಿಯ ಹೆಸರನ್ನು ಬೆನ್ನಿಗೆ ಕಟ್ಟಿಕೊಂಡು ಘಟ್ಟ ಹತ್ತಿ ಬಂದವರು. ನೆಲೆ ನಿಂತದ್ದು ಮಲಪ್ರಭೆಯ ಸೀಮೆಯ ಗುರ್ಲಹೊಸೂರಿನಲ್ಲಿ, ಇಂದಿನ ಬೆಳಗಾವಿ ಜಿಲ್ಲೆಯಲ್ಲಿ. ಲಕ್ಷ್ಮಣ ಕಾಶೀನಾಥ ಕಿರ್ಲೋಸ್ಕರ್ ಹುಟ್ಟಿದ್ದು ಅಲ್ಲಿಯೇ, 1869ರ ಜೂನ್ 20ರಂದು. ಅದೇ ಊರು, ಅದೇ ಅಡ್ಡಹೆಸರಿನ ಇನ್ನೊಬ್ಬರು 1880ರಲ್ಲಿ ‘ಸಂಗೀತ ಶಾಕುಂತಲ’ ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ತಳಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್. ಒಂದೇ ಹಳ್ಳಿಯಿಂದ ರಂಗಭೂಮಿಗೆ ಒಬ್ಬ, ಎರಕದ ಮನೆಗೆ ಒಬ್ಬ. ಇವರು ಕನ್ನಡದವರೋ ಮರಾಠಿಯವರೋ ಎಂಬ ಜಗಳ ಗಡಿಯಲ್ಲಿ ಆಗಾಗ ಹುಟ್ಟುವಂಥದ್ದೇ. ಮನೆಮಾತು ಮರಾಠಿ, ಹುಟ್ಟಿದ ನೆಲ ಕನ್ನಡದ್ದು. ಮುಂದೆ ಅವರು ಮಾಡಿದ ನೇಗಿಲು ಎರಡೂ ಕಡೆಯ ಎರೆಭೂಮಿಯನ್ನು ಒಂದೇ ಸಮ ಉತ್ತಿತು. ಈ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ಬಣ್ಣ ಕಾಣದ ಕಣ್ಣು

ಹುಡುಗನಿಗೆ ಶಾಲೆಯ ಪಾಠ ಹಿಡಿಸಲಿಲ್ಲ. ಚಿತ್ರ ಬರೆಯುವುದು, ಯಂತ್ರ ಬಿಚ್ಚಿ ಜೋಡಿಸುವುದು, ಎರಡೇ ಹುಚ್ಚು. ಮುಂಬೈಯ ಜೆ.ಜೆ. ಕಲಾಶಾಲೆಗೆ ಸೇರಿದರು. ಎರಡು ವರ್ಷ ಕುಂಚ ಹಿಡಿದ ಮೇಲೆ ತಿಳಿದದ್ದು, ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸವೇ ಗೊತ್ತಾಗುವುದಿಲ್ಲ ಎಂದು. ಚಿತ್ರಕಾರನಾಗಲು ಹೊರಟವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕೇ? ಆದರೆ ಗೆರೆ ಕಾಣುತ್ತಿತ್ತು. ಅಳತೆ ಕಾಣುತ್ತಿತ್ತು. ಬಣ್ಣ ಬಿಟ್ಟು ಯಂತ್ರಗಳ ನಕ್ಷೆ ಎಳೆಯುವುದನ್ನು ಕಲಿತು, ಮುಂಬೈಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಮೇಷ್ಟರಾದರು.

ಮುಂಬೈಯಲ್ಲಿ ಸೈಕಲ್ ಕಂಡರು. ಆಗ ಅದು ಸಾಹೇಬರ ಸೊತ್ತು, ನೋಡಲು ಜನ ಸೇರುವಂಥ ವಸ್ತು. ತಮ್ಮ ಮುಂಬೈಯಲ್ಲಿ ಕೊಂಡು ಕಳಿಸಬೇಕು, ಅಣ್ಣ ರಾಮಣ್ಣ ಬೆಳಗಾವಿಯಲ್ಲಿ ಮಾರಬೇಕು; ಕೊಂಡವರಿಗೆ ಓಡಿಸುವುದನ್ನೂ ಹೇಳಿಕೊಡಬೇಕು. ಮನೆಯಲ್ಲಿ ಎಲ್ಲರೂ ರಾಮುಅಣ್ಣ ಎಂದು ಕರೆಯುತ್ತಿದ್ದ ಈ ಹಿರಿಯರ ಹೆಸರು ಚರಿತ್ರೆಯ ಪುಟಗಳಲ್ಲಿ ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ತಮ್ಮ ಹೊಸದನ್ನು ಕನಸುವವನು, ಅಣ್ಣ ಗಲ್ಲೆಯ ಮೇಲೆ ಕುಳಿತು ಲೆಕ್ಕ ಹಿಡಿಯುವವನು. ‘ಕಿರ್ಲೋಸ್ಕರ್ ಬ್ರದರ್ಸ್’ ಎಂಬ ಹೆಸರಿನಲ್ಲಿರುವ ಆ ‘ಬ್ರದರ್ಸ್’ ಬರಿಯ ಅಲಂಕಾರವಾಗಿರಲಿಲ್ಲ. ಕಂಪನಿ ಇಂದಿಗೂ ತನ್ನ ಹುಟ್ಟಿನ ವರ್ಷ ಎಂದು ಹೇಳಿಕೊಳ್ಳುವ 1888 ಆ ಅಂಗಡಿಯದ್ದೇ.

ತಾಂತ್ರಿಕ ಸಂಸ್ಥೆಯಲ್ಲಿ ತನಗೆ ಬರಬೇಕಿದ್ದ ಬಡ್ತಿ ಆಂಗ್ಲೋ ಇಂಡಿಯನ್ ಒಬ್ಬರ ಪಾಲಾದಾಗ ಲಕ್ಷ್ಮಣರಾಯರು ರಾಜೀನಾಮೆ ಬಿಸಾಕಿ ಬೆಳಗಾವಿಗೆ ಬಂದುಬಿಟ್ಟರು. ಸೈಕಲ್ ಮಾರಿಕೊಂಡು ಎಷ್ಟು ದಿನ? ಸುತ್ತ ಇರುವವರು ಒಕ್ಕಲಿಗರು. ದನಕ್ಕೆ ಜೋಳದ ಕಣಿಕೆ ಹಾಗೇ ಹಾಕಿದರೆ ಅರ್ಧ ತಿಂದು ಅರ್ಧ ತುಳಿಯುತ್ತವೆ. ಕೊಚ್ಚಿ ಹಾಕಿದರೆ ಪೂರ್ತಿ ಹೊಟ್ಟೆಗೆ ಹೋಗುತ್ತದೆ. ಹೀಗೆ ಮೊದಲು ಬಂದದ್ದು ಮೇವು ಕೊಚ್ಚುವ ಯಂತ್ರ. ಆಮೇಲೆ ಕಬ್ಬಿಣದ ನೇಗಿಲು.

ನೇಗಿಲಿನ ಹತ್ತಿರ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆಯ ಜಾಲಿ ಮರದ ರಂಟಿ ನೆಲವನ್ನು ಗೀರುತ್ತದೆ. ಎರೆಹೊಲದಲ್ಲಿ ಕರಿಕೆ ಬೇರುಬಿಟ್ಟರೆ ಗೀರಿದರೆ ಆಗದು, ಆಳಕ್ಕೆ ಇಳಿದು ಮಣ್ಣನ್ನು ಮಗುಚಿ ಬೇರನ್ನು ಬಿಸಿಲಿಗೆ ಒಡ್ಡಬೇಕು. ವಿಲಾಯತಿ ಕಬ್ಬಿಣದ ನೇಗಿಲು ಅದನ್ನು ಮಾಡುತ್ತಿತ್ತು. ಅದರಂಥದ್ದನ್ನು ಇಲ್ಲಿಯೇ ಎರಕ ಹೊಯ್ಯುವುದು ಲಕ್ಷ್ಮಣರಾಯರ ಹಟ.

ಹೊಯ್ಯುವುದು ಎಂದರೆ ಕರಗಿಸಿ ಸುರಿದಷ್ಟು ಸಲೀಸಲ್ಲ. ಮೊದಲು ಮರದಲ್ಲಿ ಪ್ಯಾಟರ್ನು ಕೆತ್ತಬೇಕು, ಅದೂ ಬೇಕಾದ ಅಳತೆಗಿಂತ ನೂರಕ್ಕೆ ಒಂದು ಪಾಲಿನಷ್ಟು ದೊಡ್ಡದಾಗಿ. ಯಾಕೆಂದರೆ ಬೀಡು ಆರುವಾಗ ಅಷ್ಟು ಕುಗ್ಗುತ್ತದೆ. ಮರಳಿಗೆ ಜೇಡಿಮಣ್ಣು, ಕಲ್ಲಿದ್ದಲ ಪುಡಿ ಬೆರೆಸಿ ಹದವಾಗಿ ನೀರು ಚಿಮುಕಿಸಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಬೆರಳ ಗುರುತು ನಿಲ್ಲಬೇಕು, ಅಂಗೈಗೆ ಒದ್ದೆ ಹತ್ತಬಾರದು. ನೀರು ಹೆಚ್ಚಾಯಿತೋ, ಕಾದ ಬೀಡು ಒಳಗೆ ಹೋದೊಡನೆ ಆವಿ ಎದ್ದು ಅಚ್ಚು ಸಿಡಿಯುತ್ತದೆ. ಕುಪೋಲಾ ಎಂಬ ಉದ್ದ ಕೊಳವೆಯಂಥ ಕುಲುಮೆಯಲ್ಲಿ ಕೋಕ್, ಕಚ್ಚಾ ಕಬ್ಬಿಣ, ಗುಜರಿ, ಸುಣ್ಣದ ಕಲ್ಲು ಪದರಪದರವಾಗಿ ಬೀಳುತ್ತವೆ. ಸುಣ್ಣದ ಕಲ್ಲು ಕೊಳೆಯನ್ನು ಹೀರಿ ಕಿಟ್ಟವಾಗಿ ಮೇಲೆ ತೇಲುತ್ತದೆ, ಕೆಳಗಿನ ತೂತಿನಿಂದ ಬೀಡು ಹರಿಯುತ್ತದೆ. ನೇಗಿಲಿನ ಕುಡಕ್ಕೆ ಇನ್ನೊಂದು ಕಸಬು ಬೇಕು. ಮೊನೆ ಗಟ್ಟಿಯಾಗಿರಬೇಕು, ಬೆನ್ನು ಪೆಡಸಾಗಬಾರದು. ಮೊನೆಯ ಕಡೆಗೆ ಮರಳಿನ ಬದಲು ಕಬ್ಬಿಣದ ತುಂಡನ್ನಿಟ್ಟರೆ ಅಷ್ಟು ಭಾಗ ತಟ್ಟನೆ ತಣಿದು ಕಲ್ಲಿನಂತಾಗುತ್ತದೆ, ಉಳಿದದ್ದು ನಿಧಾನವಾಗಿ ಆರಿ ಪೆಟ್ಟು ತಡೆಯುತ್ತದೆ. ಒಂದೇ ಹೊಯ್ಲಿನಲ್ಲಿ ಎರಡು ಗುಣ!

ಇಷ್ಟೆಲ್ಲ ಮಾಡಿ ತಯಾರಿಸಿದ ಮೊದಲ ನೇಗಿಲುಗಳನ್ನು ಎರಡು ವರ್ಷ ಯಾರೂ ಕೊಳ್ಳಲಿಲ್ಲ. ಕಬ್ಬಿಣ ಹಾಯ್ದರೆ ಭೂಮಿತಾಯಿಗೆ ವಿಷ ಏರುತ್ತದೆ ಎಂಬ ಅಂಜಿಕೆ. ಇದನ್ನು ಹೇಳಿ ರೈತನ ಮೌಢ್ಯವನ್ನು ಕಂಡು ನಗುವುದು ಬರೆಯುವವರ ಚಾಳಿ. ನನಗೆ ಹಾಗನ್ನಿಸುವುದಿಲ್ಲ. ಮುರಿದರೆ ಊರ ಬಡಿಗ ರಿಪೇರಿ ಮಾಡಲಾಗದ, ಎರಡು ಮೂರು ಜೋಡಿ ಎತ್ತು ಬೇಡುವ, ಕೈಯಿಂದ ರೊಕ್ಕ ಬಿಚ್ಚಬೇಕಾದ ವಸ್ತುವನ್ನು ಒಂದು ಬೆಳೆಯ ಮೇಲೆ ಬದುಕುವವನು ಅನುಮಾನಿಸದೆ ಇದ್ದರೇ ಆಶ್ಚರ್ಯ.

ಚಿತ್ರ ಬರೆಯುವ ರಾಜ

ನೇಗಿಲು ಕೊನೆಗೂ ಹೊಲಕ್ಕೆ ಇಳಿದು ಹೆಸರು ಮಾಡುವ ಹೊತ್ತಿಗೆ ನಗರಸಭೆಯಿಂದ ಕಾಗದ ಬಂತು. ಕಾರ್ಖಾನೆ ಇದ್ದ ಜಾಗ ಹೊಸ ಬಡಾವಣೆಗೆ ಬೇಕು, ಖಾಲಿ ಮಾಡಿ ಎಂದು. ಇಂದು ಟಿಳಕವಾಡಿ ಎಂದು ಕರೆಯುವ ಆ ಬಡಾವಣೆಯಲ್ಲಿ ಒಳ್ಳೊಳ್ಳೆಯ ಮನೆಗಳಿವೆ, ನೆರಳಿನ ರಸ್ತೆಗಳಿವೆ. ಊರಿಗೆ ಮನೆಯೂ ಬೇಕು ನಿಜ. ಆದರೆ ದೇಶದ ಒಂದು ದೊಡ್ಡ ಉದ್ಯಮವನ್ನು ಬೆಳಗಾವಿ ತಾನಾಗಿ ಗಡಿ ದಾಟಿಸಿದ್ದು ಹೀಗೆ, ಒಂದು ನೋಟಿಸಿನಿಂದ.

ಆಗ ಕೈ ಹಿಡಿದವರು ಔಂಧದ ರಾಜ ಭವಾನರಾವ್ ಪಂತ ಪ್ರತಿನಿಧಿ. ಸೂರ್ಯನಮಸ್ಕಾರವನ್ನು ನಾಡಿನ ತುಂಬ ಹಬ್ಬಿಸಿದವರೆಂದು ವ್ಯಾಯಾಮಶಾಲೆಯವರು ಇವರನ್ನು ನೆನೆಯುತ್ತಾರೆ. ಸ್ವತಃ ಚಿತ್ರಕಾರರು. ಬಣ್ಣ ಕಾಣದೆ ಕುಂಚ ಕೆಳಗಿಟ್ಟವನಿಗೆ ಕುಂಚ ಹಿಡಿದ ರಾಜ ಆಸರೆಯಾದದ್ದನ್ನು ಕಾದಂಬರಿಯಲ್ಲಿ ಬರೆದಿದ್ದರೆ ನಾವು ನಂಬುತ್ತಿರಲಿಲ್ಲ. ರಾಜರು 10,000 ರೂಪಾಯಿ ಸಾಲ ಕೊಟ್ಟರು, ಕುಂಡಲ್ ರೋಡ್ ಎಂಬ ರೈಲು ನಿಲ್ದಾಣದ ಹತ್ತಿರ 32 ಎಕರೆ ಕೊಟ್ಟರು. ಪಾಪಸುಕಳ್ಳಿ, ನಾಗರಹಾವು ಬಿಟ್ಟರೆ ಅಲ್ಲಿ ಏನೂ ಬೆಳೆಯುತ್ತಿರಲಿಲ್ಲ. 1910ರಲ್ಲಿ 25 ಮಂದಿ ಕೆಲಸಗಾರರನ್ನೂ ಅವರ ಸಂಸಾರಗಳನ್ನೂ ಕರೆದುಕೊಂಡು ಲಕ್ಷ್ಮಣರಾಯರು ಆ ಬಂಜರಿನಲ್ಲಿ ಇಳಿದರು. ಕಿರ್ಲೋಸ್ಕರವಾಡಿ ಹುಟ್ಟಿತು. ಕುಂಡಲ್ ರೋಡ್ ಹೋಗಿ ನಿಲ್ದಾಣದ ಹಲಗೆಯ ಮೇಲೂ ಈಗ ಅದೇ ಹೆಸರು.

ಆ ಊರಿನ ಜನರ ಪಟ್ಟಿಯೇ ಸ್ವಾರಸ್ಯದ್ದು. ಶಾಲೆ ಬಿಟ್ಟ ಅನಂತರಾವ್ ಫಳಣೀಕರ್ ಒಳ್ಳೆಯ ಇಂಜಿನಿಯರ್ ಆಗಿ ಬೆಳೆದರು. ಲೆಕ್ಕಪತ್ರಕ್ಕೆ ಮಂಗೇಶರಾವ್ ರೇಗೆ. ರಾತ್ರಿ ಕಾವಲಿಗೆ ಯಾರು ಗೊತ್ತೇ? ಅಪರಾಧಕ್ಕೆ ಶಿಕ್ಷೆ ಉಂಡು ಬಂದಿದ್ದ ತುಕಾರಾಮ ರಾಮೋಶಿ ಮತ್ತು ಪಿರ‍್ಯಾ ಮಾಂಗ. ಇಂಥವರ ಕೈಗೆ ಕೀಲಿ ಕೊಡುವ ಧೈರ್ಯ ಬರಿಯ ದಯೆಯಿಂದ ಬರುವುದಿಲ್ಲ. ಗುಜರಿಯನ್ನು ಕುಪೋಲಾಕ್ಕೆ ಹಾಕಿ ಹೊಸ ವಸ್ತು ತೆಗೆದವನ ಕಣ್ಣು ಮನುಷ್ಯರನ್ನೂ ಹಾಗೆಯೇ ನೋಡಿರಬೇಕು. ವಾಡಿಯಲ್ಲಿ ಅಸ್ಪೃಶ್ಯತೆಗೆ ಜಾಗವಿಲ್ಲ ಎಂದೂ ಅವರು ಆ ಕಾಲಕ್ಕೇ ನಿಯಮ ಮಾಡಿದ್ದರು.

1914ರಲ್ಲಿ ಮಹಾಯುದ್ಧ ಶುರುವಾಯಿತು. ವಿಲಾಯತಿ ನೇಗಿಲು ಬರುವುದು ನಿಂತಿತು, ಇವರ ನೇಗಿಲಿಗೆ ಎಲ್ಲಿಲ್ಲದ ಬೇಡಿಕೆ. ಆದರೆ ಕಚ್ಚಾ ಕಬ್ಬಿಣವೂ ಬಾರದು, ಕೋಕೂ ಸಿಗದು. ಆಗ ಕೊಲ್ಹಾಪುರದ ಶಾಹು ಮಹಾರಾಜರು ಹಳೆಯ ತೋಪುಗಳನ್ನು ಕರಗಿಸಿಕೊಳ್ಳಲು ಕೊಟ್ಟರು. ಜಗತ್ತು ಕಬ್ಬಿಣವನ್ನೆಲ್ಲ ತೋಪಿಗೆ ಸುರಿಯುತ್ತಿದ್ದ ವರ್ಷಗಳಲ್ಲಿ ಇಲ್ಲಿ ತೋಪು ಕರಗಿ ನೇಗಿಲಾಯಿತು.

1920ರಲ್ಲಿ ಕಂಪನಿ ಕಾನೂನುಬದ್ಧವಾಗಿ ನೋಂದಣಿಯಾಯಿತು. ಅದೇ ವರ್ಷ ವಾಡಿಯಲ್ಲಿ ಇನ್ನೊಂದು ಬಗೆಯ ಅಚ್ಚೂ ಶುರುವಾಯಿತು. ಕನ್ನಡದಲ್ಲಿ ಎರಕದ್ದಕ್ಕೂ ಮುದ್ರಣದ್ದಕ್ಕೂ ಒಂದೇ ಮಾತು ಇರುವುದು ಎಷ್ಟು ಅನುಕೂಲ! ಲಕ್ಷ್ಮಣರಾಯರ ಅಣ್ಣನ ಮಗ ಶಂಕರರಾವ್ ಚಿತ್ರಕಲೆ ಕಲಿತವರು. ಚಿಕ್ಕಪ್ಪನಿಗೆ ಕಾಣದಿದ್ದ ಬಣ್ಣ ಇವರಿಗೆ ಚೆನ್ನಾಗಿ ಕಾಣುತ್ತಿತ್ತು. ಕಾರ್ಖಾನೆಯ ಸುದ್ದಿ ಹೇಳಲು ಅವರು ಹೊರಡಿಸಿದ ‘ಕಿರ್ಲೋಸ್ಕರ್ ಖಬರ್’ ಬೆಳೆದು ಮರಾಠಿಯ ಹೆಸರಾಂತ ಮಾಸಿಕವಾಯಿತು. 1930ರಲ್ಲಿ ಹೆಂಗಸರಿಗಾಗಿ ‘ಸ್ತ್ರೀ’, 1934ರಲ್ಲಿ ‘ಮನೋಹರ್’. ನೇಗಿಲು ಮಾರುವ ಕಂಪನಿ ಹೆಣ್ಣುಮಕ್ಕಳ ಪತ್ರಿಕೆ ನಡೆಸಿತೆಂದರೆ ಇಂದಿನ ಉದ್ದಿಮೆದಾರರು ಕಣ್ಣರಳಿಸಬಹುದು.

ಯಂತ್ರಾಪುರ

ಲಕ್ಷ್ಮಣರಾಯರ ಮಗ ಶಂತನುರಾವ್ ಹುಟ್ಟಿದ್ದು 1903ರಲ್ಲಿ, ಸೊಲ್ಲಾಪುರದಲ್ಲಿ. ತಂದೆ ಪದವಿಯಿಲ್ಲದೆ ಇಂಜಿನಿಯರ್ ಆದವರು. ಮಗನನ್ನು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಗೆ ಕಳಿಸಿದರು. 1926ರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ ಹಿಡಿದು ಮಗ ವಾಪಸಾದರು. ಮುಂದೆ ಪುಣೆಯ ಖಡಕಿಯಲ್ಲಿ ಆಯಿಲ್ ಇಂಜಿನ್ ಕಾರ್ಖಾನೆ, ಬೆಂಗಳೂರಿನಲ್ಲಿ ಮೋಟಾರುಗಳ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಎರಡೂ 1946ರಲ್ಲಿ. ಬೆಂಗಳೂರಿನದನ್ನು ನಡೆಸಿದವರು ತಮ್ಮ ರವಿ ಕಿರ್ಲೋಸ್ಕರ್. ಪುಣೆಯ ಕಥೆಯನ್ನು ಬೇಕಾದಷ್ಟು ಜನ ಬರೆದಿದ್ದಾರೆ. ಶಂತನುರಾಯರೇ ‘ಕ್ಯಾಕ್ಟಸ್ ಅಂಡ್ ರೋಸಸ್’ ಎಂಬ ಇಂಗ್ಲಿಷ್ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ; ಆ ಹೆಸರಿನ ಮುಳ್ಳುಕಳ್ಳಿ ಕುಂಡಲ್‌ನದ್ದು. ನನಗೆ ಹೇಳಬೇಕಿರುವುದು ಹರಿಹರದ್ದು.

1941. ಮತ್ತೆ ಯುದ್ಧ, ಮತ್ತೆ ಹಡಗುಗಳಿಲ್ಲ. ಈ ಸಲ ಕೊರತೆ ಬಿದ್ದದ್ದು ಲೇತ್ ಯಂತ್ರಗಳಿಗೆ. ಬೇರೆ ಯಂತ್ರಗಳ ಭಾಗಗಳನ್ನು ಕಡೆದು ಕೊಡುವ ಲೇತನ್ನು ಕಾರ್ಖಾನೆಯವರು ಯಂತ್ರಗಳ ತಾಯಿ ಎನ್ನುತ್ತಾರೆ. ತುಂಗಭದ್ರೆಯ ದಂಡೆಯ ಹರಿಹರ ಆಗ ಮೈಸೂರು ಸಂಸ್ಥಾನದ ಅಂಚಿನ ಊರು; ಹೊಳೆ ದಾಟಿದರೆ ಮುಂಬೈ ಪ್ರಾಂತ್ಯ. ಬೆಂಗಳೂರು–ಹುಬ್ಬಳ್ಳಿ ರೈಲು ಊರೊಳಗೇ ಹಾಯುತ್ತದೆ. 1923ರಿಂದ ಕಬ್ಬಿಣ ಕರಗಿಸುತ್ತಿದ್ದ ಭದ್ರಾವತಿಯೂ ದೂರವಲ್ಲ. ಅಲ್ಲಿ ಮೈಸೂರು ಕಿರ್ಲೋಸ್ಕರ್ ಎದ್ದಿತು. ಮಲಪ್ರಭೆಯ ಸೀಮೆಯ ಮನೆತನ ಕೃಷ್ಣೆಯ ಸೀಮೆಗೆ ಹೋಗಿ, 31 ವರ್ಷದ ಮೇಲೆ ತುಂಗಭದ್ರೆಯ ದಡಕ್ಕೆ ಬಂದಿತ್ತು.

ಲೇತಿನ ಕೆಳಗಿನ ಉದ್ದನೆಯ ಹಾಸು ಪೂರ್ತಿ ಬೀಡಿನದು. ಬೀಡಿನೊಳಗಿನ ಗ್ರಾಫೈಟ್ ಎಸಳುಗಳು ನಡುಕವನ್ನು ನುಂಗುತ್ತವೆ. ಅದಕ್ಕೇ ಉಕ್ಕು ಬಿಟ್ಟು ಬೀಡು. ಹೊಯ್ದ ಹಾಸನ್ನು ಹಿಂದಿನವರು ತಕ್ಷಣ ಕಡೆಯುತ್ತಿರಲಿಲ್ಲ. ತಿಂಗಳುಗಟ್ಟಲೆ ಬಯಲಿನಲ್ಲಿ ಮಳೆಗೂ ಬಿಸಿಲಿಗೂ ಬಿಡುವ ರೂಢಿಯಿತ್ತು. ಆರುವಾಗ ಒಳಗೆ ಸಿಕ್ಕಿಕೊಂಡ ಬಿಗಿ ಅಷ್ಟರಲ್ಲಿ ತಾನಾಗಿ ಸಡಿಲುತ್ತಿತ್ತು. ಉಪ್ಪಿನಕಾಯಿಯಂತೆ ಬೀಡೂ ಕಳಿಯಬೇಕು.

ರಾಜ್ಯದ ಪಾಲಿಟೆಕ್ನಿಕ್, ಐಟಿಐಗಳ ವರ್ಕ್‌ಶಾಪಿನಲ್ಲಿ ಕಲಿತವರನ್ನು ಕೇಳಿ ನೋಡಿ. ಮೊದಲ ಸಲ ಚಕ್ ತಿರುಗಿಸಿದ್ದು, ಮೊದಲ ಸಲ ಟೂಲ್ ಮುರಿದು ಬೈಸಿಕೊಂಡದ್ದು ಹರಿಹರದ ಲೇತಿನ ಮೇಲೆ ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಅದರ ಹೆಸರುಗಳು ಒಂದು ಪೀಳಿಗೆಯ ಫಿಟ್ಟರ್, ಟರ್ನರ್‌ಗಳ ಬಾಯಲ್ಲಿ ಎತ್ತುಗಳ ಹೆಸರಿನಷ್ಟು ಸಲೀಸು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಯಂತ್ರಾಪುರ ಎಂದು ಹೆಸರಾಯಿತು.

ಅತ್ತ ಕಿರ್ಲೋಸ್ಕರವಾಡಿಗೆ ಬಿದ್ದ ದೊಡ್ಡ ಪೆಟ್ಟು 1948ರದ್ದು. ಗಾಂಧಿ ಹತ್ಯೆಯ ನಂತರ ಆ ಭಾಗದಲ್ಲಿ ಬ್ರಾಹ್ಮಣರ ಮನೆಗಳ ಮೇಲೆ ಗುಂಪುಗಳು ನುಗ್ಗಿದವು; ಕಿರ್ಲೋಸ್ಕರವಾಡಿಯ ಕಾರ್ಖಾನೆಗೂ ಬೆಂಕಿ ಬಿತ್ತು. ಜಾತಿ ನೋಡದೆ ಕೀಲಿ ಕೊಟ್ಟ ಊರನ್ನು ಜಾತಿಯ ಹೆಸರಿನಲ್ಲೇ ಸುಟ್ಟರು. ಎಂಬತ್ತರ ಹೊಸ್ತಿಲಲ್ಲಿದ್ದ ಲಕ್ಷ್ಮಣರಾಯರು ಬದುಕಿದ್ದಾಗಲೇ ನಡೆದ ಮಾತು. ಕಾರ್ಖಾನೆಯನ್ನು ಮತ್ತೆ ಕಟ್ಟಿದರು. ಅವರು ತೀರಿಕೊಂಡದ್ದು 1956ರ ಸೆಪ್ಟೆಂಬರ್ 26ರಂದು. ನೂರನೆಯ ಹುಟ್ಟುಹಬ್ಬಕ್ಕೆ, 1969ರಲ್ಲಿ, ಅಂಚೆ ಇಲಾಖೆ ಚೀಟಿ ಹೊರಡಿಸಿತು. ಶಂತನುರಾಯರಿಗೆ 1965ರಲ್ಲಿ ಪದ್ಮಭೂಷಣ ಬಂತು, 1994ರಲ್ಲಿ ಅವರೂ ಹೋದರು.

ಹರಿಹರಕ್ಕೆ ಬೆಂಕಿ ಬೀಳಲಿಲ್ಲ. 1991ರ ನಂತರ ಹೊರದೇಶದ ಯಂತ್ರಗಳಿಗೆ ಬಾಗಿಲು ತೆರೆಯಿತು, ಕಂಪ್ಯೂಟರ್ ಹೇಳಿದಂತೆ ಕಡೆಯುವ ಸಿಎನ್‌ಸಿಗಳು ಬಂದವು, ಕೈಯಿಂದ ತಿರುಗಿಸುವ ಲೇತಿಗೆ ಗಿರಾಕಿ ಕರಗಿದರು. ಶತಮಾನ ತಿರುಗುವ ಹೊತ್ತಿಗೆ ಕಾರ್ಖಾನೆ ಮುಚ್ಚಿತು. ಈಗ ಯಂತ್ರಾಪುರ ಎಂಬ ವಿಳಾಸದಲ್ಲಿ ಕಿರ್ಲೋಸ್ಕರ್ ಹೆಸರಿನದೇ ಒಂದು ಮ್ಯಾನೇಜ್‌ಮೆಂಟ್ ಕಾಲೇಜು ಇದೆ. ಲೇತ್ ಮಾಡುತ್ತಿದ್ದ ಊರಿನಲ್ಲಿ ಆಡಳಿತ ಕಲಿಸುತ್ತಾರೆ. ಕೈಕಸಬು ಹೋಗಿ ಲೆಕ್ಕ ಉಳಿಯುವುದು ಈ ಕಾಲದ ರೀತಿ ಇರಬಹುದು. ನನಗೆ ಅದನ್ನು ಏಳಿಗೆ ಎಂದು ಕರೆಯಲು ಮನಸ್ಸು ಬರುವುದಿಲ್ಲ.

ಮನೆತನ ಮಾತ್ರ ನಿಲ್ಲಲಿಲ್ಲ. ಹರಿಹರದ ಕಾರ್ಖಾನೆ ನೋಡಿಕೊಂಡಿದ್ದ ನಾಲ್ಕನೆಯ ತಲೆಮಾರಿನ ವಿಕ್ರಮ್ ಕಿರ್ಲೋಸ್ಕರ್, ಅಜ್ಜ ಕಲಿತ ಮೆಸಾಚುಸೆಟ್ಸ್‌ನಲ್ಲೇ ಕಲಿತವರು. ಜಪಾನಿನ ಟೊಯೊಡಾ ಮನೆತನದ ಜತೆ ಮೊದಲು ಕೈ ಜೋಡಿಸಿದ್ದು ಜವಳಿ ಯಂತ್ರಕ್ಕಾಗಿ, 1995ರಲ್ಲಿ. ಆ ಮನೆತನದ್ದೂ ಮಗ್ಗದಿಂದ ಕಾರಿಗೆ ಬಂದ ಕಥೆ. 1997ರಲ್ಲಿ ಬಿಡದಿಯ ಕಾರು ಕಾರ್ಖಾನೆಯ ಕಂಪನಿ ಹುಟ್ಟಿತು, 2000ದಲ್ಲಿ ಕ್ವಾಲಿಸ್ ರಸ್ತೆಗಿಳಿಯಿತು. ವಿಕ್ರಮ್ 2022ರ ನವೆಂಬರಿನಲ್ಲಿ, 64ನೆಯ ವಯಸ್ಸಿಗೆ ತೀರಿಕೊಂಡರು. ಪುಣೆಯ ಕಡೆಯ ಸೋದರರ ನಡುವೆ 2009ರ ಕುಟುಂಬ ಒಪ್ಪಂದದ ಬಗ್ಗೆ ಎದ್ದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ‘ಬ್ರದರ್ಸ್’ ಎಂಬ ಹಲಗೆಯ ಕೆಳಗೆ ಆಗಿದ್ದರಿಂದ ಇದನ್ನು ಬರೆಯುವಾಗ ರಾಮುಅಣ್ಣನ ನೆನಪು ಬಾರದೆ ಇರದು.

ಎರಕದ ಕೆಲಸ ಈಗ ಎಲ್ಲಿದೆ? ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್‌ನ ಊದುಕುಲುಮೆ ಉರಿಯುತ್ತಿದೆ. ಕಚ್ಚಾ ಕಬ್ಬಿಣವೂ ಅಲ್ಲಿಯೇ, ಎರಕವೂ ಅಲ್ಲಿಯೇ, ಅದೂ ತುಂಗಭದ್ರೆಯ ಸೀಮೆಯಲ್ಲಿ. ನೋಟಿಸು ಕೊಟ್ಟು ಕಳಿಸಿದ ಬೆಳಗಾವಿ ಕೂಡ ಇಂದು ಫೌಂಡ್ರಿಗಳ ಊರೇ. ಉದ್ಯಮಬಾಗದ ಶೆಡ್ಡುಗಳಲ್ಲಿ ಇವತ್ತೂ ಮರಳು ಬೆರೆಯುತ್ತದೆ, ಬೀಡು ಹರಿಯುತ್ತದೆ.

ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ಹಳೆಯ ಮನೆಗಳ ಅಟ್ಟದ ಮೇಲೋ ದನದ ಕೊಟ್ಟಿಗೆಯ ಮೂಲೆಯಲ್ಲೋ ತುಕ್ಕು ಹಿಡಿದ ಕಬ್ಬಿಣದ ರಂಟಿ ಬಿದ್ದಿರುವುದುಂಟು. ಟ್ರ್ಯಾಕ್ಟರ್ ಬಂದ ಮೇಲೆ ಅದನ್ನು ಯಾರೂ ಹೊರಗೆ ತೆಗೆದಿಲ್ಲ. ಗುಜರಿಯವನು ಬಂದು ಕಿಲೋ ಲೆಕ್ಕದಲ್ಲಿ ದರ ಹೇಳಿದಾಗ, ಕೊಡುವ ಮುಂಚೆ ಒಂದು ಸಲ ತೊಳೆದು ನೋಡಿ. ಮೇಲೆ ಅಕ್ಷರಗಳು ಮೂಡಿದ್ದರೆ ಓದಿ, ಒಂದು ಫೋಟೊ ತೆಗೆದುಕೊಂಡು, ಅಜ್ಜ ಅದನ್ನು ಯಾವಾಗ ಕೊಂಡ, ಎಷ್ಟು ಜೋಡಿ ಎತ್ತು ಹೂಡುತ್ತಿದ್ದ ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಆಮೇಲೆ ಬೇಕಾದರೆ ಕೊಡಿ. ಅದು ಹೇಗೂ ಯಾವುದೋ ಕುಪೋಲಾಕ್ಕೇ ಹೋಗುತ್ತದೆ.